ಸೀಮೆಎಣ್ಣೆ, ಸೀಮೆಸುಣ್ಣ ಮತ್ತು ಭಾನುವಾರದ ಉಪನ್ಯಾಸ

ಅನುಷಾ, ಹೋದ ಭಾನುವಾರ ವಾಚನಾಲಯದ ಬೀರುವಿನ ಕೀಲಿಕೈ ನಿನಗೆ ಒಪ್ಪಿಸಿದಾಗ ನೀನು, “ಆಂಟಿ, ಈ ಕೆಲಸಕ್ಕೆ ಏನೇನು ಗೊತ್ತಿರ್ಬೇಕು, ಒಂದು ಲಿಸ್ಟ್ ಬರ್ಕೊಟ್ಬಿಡಿ” ಅಂದೆಯಲ್ಲ. ಮನೆಗೆ ಬಂದು, ಕಾಫಿ ಕುಡಿದು, ಪಟ್ಟಿ ಬರೆಯಲು ಕುಳಿತೆ. ಕುಡಿಯುವ ನೀರು, ಮೈಕು, ವಂದನಾರ್ಪಣೆ. ಅಷ್ಟಕ್ಕೇ ಮುಗಿದುಹೋಯಿತು. ಹದಿನೈದು ವರ್ಷ ಮಾಡಿದ ಕೆಲಸ ಒಂದು ಸಾಲಿಗೆ ಮುಗಿದದ್ದು ನೋಡಿ ನನಗೇ ನಾಚಿಕೆಯಾಯಿತು. ಹಾಗಾಗಿ ಪಟ್ಟಿ ಬಿಟ್ಟು, ನೆನಪಿಗೆ ಬಂದಂತೆ ಬರೆಯುತ್ತಿದ್ದೇನೆ. ನಿನ್ನ ನಂತರ ಬರುವವರಿಗೂ ಇರಲಿ.

ನಮ್ಮದು ದೊಡ್ಡ ಸಂಸ್ಥೆಯೇನಲ್ಲ. ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನ ಮರಗಳು ಮುಗಿದು ಪೀಣ್ಯದ ಶೆಡ್ಡುಗಳು ಶುರುವಾಗುವ ಜಾಗದಲ್ಲಿ ಒಂದು ವಾಚನಾಲಯ, ಅದರ ಹಿಂದೊಂದು ಹಾಲು. ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾರ್ವಜನಿಕ ಉಪನ್ಯಾಸ. ಒಮ್ಮೆ ನಕ್ಷತ್ರಗಳು, ಇನ್ನೊಮ್ಮೆ ಶಾಸನಗಳು, ಮತ್ತೊಮ್ಮೆ ಜೇನುಹುಳು. ಇದನ್ನೆಲ್ಲ ಕಟ್ಟಿದವರು ಕಾರ್ಯದರ್ಶಿ ಶ್ರೀಕಂಠಯ್ಯನವರು. ನಮ್ಮೆಜಮಾನರ ಕಾರ್ಖಾನೆಯಲ್ಲೇ ಟೂಲ್ ರೂಮಿನ ಫೋರ್‌ಮನ್ ಆಗಿ ನಿವೃತ್ತರಾದವರು. ಇಸವಿ ಎರಡು ಸಾವಿರ ದಾಟಿದ ಹೊಸದು. ಒಂದು ಸಂಜೆ ನಮ್ಮ ಮನೆಗೆ ಬಂದು, ನನ್ನನ್ನು ಕೇಳದೆ ಯಜಮಾನರಿಗೇ ಹೇಳಿದರು: “ನಿಮ್ಮನೆಯವರು ಕಾನ್ವೆಂಟಂತಲ್ಲ? ದೊಡ್ಡದೊಡ್ಡ ಪ್ರೊಫೆಸರುಗಳು ಬರ್ತಾರೆ ಸಾರ್. ಇಂಗ್ಲಿಷಲ್ಲಿ ನೀಟಾಗಿ ಥ್ಯಾಂಕ್ಸ್ ಹೇಳೋಕೆ ಒಬ್ರು ಬೇಕು.”

ಥ್ಯಾಂಕ್ಸ್ ಹೇಳುವುದು ನನಗೆ ಬರುತ್ತಿದ್ದ ಒಂದೇ ವಿದ್ಯೆ. ನಮ್ಮ ಕಾನ್ವೆಂಟಿನಲ್ಲಿ ಕಾಗದ ಬರೆಯುವುದನ್ನು ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಯಾರಿಗೆ ಕೃತಜ್ಞತೆ, ಯಾವುದಕ್ಕೆ, ಅದರಿಂದ ನಿನಗೇನು ಒಳ್ಳೆಯದಾಯಿತು, ಇವು ಮೂರೂ ಇರದ ಕಾಗದವನ್ನು ಅವರು ಮಡಿಸಿ ವಾಪಸು ಕೊಡುತ್ತಿದ್ದರು. ಜೊತೆಗೆ ಇನ್ನೊಂದು ಮಾತು ಹೇಳುತ್ತಿದ್ದರು: ಎದುರಿಗಿರುವವರಲ್ಲಿ ಒಳ್ಳೆಯತನ ಕಾಣದಿದ್ದರೆ ಇದೆ ಎಂದುಕೊಂಡೇ ಬರೆ, ಎಷ್ಟೋ ಸಲ ಅದು ಹೊರಗೆ ಬರುತ್ತದೆ. ಆ ಮಾತನ್ನು ಮುಂದೆ ಮತ್ತೆ ಹೇಳುತ್ತೇನೆ.

ಹೀಗೆ ನಾನು ‘ಥ್ಯಾಂಕ್ಸ್ ಮೇಡಂ’ ಆದೆ. ನಿಧಾನಕ್ಕೆ ನೀರು, ಮೈಕು, ಕುರ್ಚಿ, ಆಹ್ವಾನ, ಭಿತ್ತಿಪತ್ರ ಎಲ್ಲವೂ ನನ್ನ ಸೆರಗಿಗೆ ಬಂದವು. ನೀನು ಈಗ ವಾಟ್ಸಾಪಿನಲ್ಲಿ ಬೆರಳಾಡಿಸಿದರೆ ಐನೂರು ಜನಕ್ಕೆ ಹೋಗುತ್ತದೆ. ನಾನು ಸ್ಕೆಚ್ ಪೆನ್ನಿನಲ್ಲಿ ಒಂದು ಪ್ರತಿ ಬರೆದು, ಜೆರಾಕ್ಸ್ ಮಾಡಿಸಿ, ಮೈದಾ ಅಂಟು ಕಾಸಿಕೊಂಡು ಹೋಗಿ ಟೀ ಅಂಗಡಿ, ಬಸ್ ಸ್ಟಾಪು, ಗಾರ್ಮೆಂಟ್ಸ್ ಗೇಟುಗಳ ಪಕ್ಕ ಅಂಟಿಸಿ ಬರುತ್ತಿದ್ದೆ. ಇಂಗ್ಲಿಷಿನಲ್ಲಿ ಬಂದ ಶೀರ್ಷಿಕೆಯನ್ನು ಕನ್ನಡಕ್ಕೆ ಮಾಡುವುದೂ ನನ್ನದೇ. ನನ್ನ ಕನ್ನಡ ಅಮ್ಮನ ಬಾಯಿಂದ, ದಿನಪತ್ರಿಕೆಯಿಂದ ಬಂದದ್ದು. ಶ್ರೀಕಂಠಯ್ಯನವರು ಒತ್ತಕ್ಷರಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು.

ಭಾಷಣಕಾರರ ವಿಷಯ ಒಂದೆರಡು ಹೇಳಿಬಿಡುತ್ತೇನೆ. ಎಷ್ಟೇ ದೊಡ್ಡವರಾಗಲಿ, ಮಾತಿಗೆ ಮುಂಚೆ ಹೆದರಿರುತ್ತಾರೆ. ಅವರ ಕೈ ನೋಡು, ಕಾಗದಗಳನ್ನು ಸರಿ ಮಾಡಿದ್ದನ್ನೇ ಮಾಡುತ್ತಿರುತ್ತದೆ. ನೀರಿನ ಬಾಟಲಿಯ ಮುಚ್ಚಳ ನೀನೇ ಸಡಿಲ ಮಾಡಿಡು, ಮೈಕಿನ ಮುಂದೆ ಅದರೊಡನೆ ಗುದ್ದಾಡುವುದು ಯಾರಿಗೂ ಚೆನ್ನಾಗಿ ಕಾಣುವುದಿಲ್ಲ. ಗಡಿಯಾರ ಅವರ ಎದುರಿಗೆ ಇರಲಿ, ಸಭಿಕರ ಎದುರಿಗೆ ಬೇಡ.

ಸಭಿಕರ ವಿಷಯದಲ್ಲಿ ನಾನು ಮೊದಲು ಕಲಿತದ್ದು ಒಂದು ದೊಡ್ಡ ತಪ್ಪಿನಿಂದ. ಎರಡನೆಯ ವರ್ಷವಿರಬೇಕು, ಗ್ರಹಣದ ಬಗ್ಗೆ ಉಪನ್ಯಾಸ. ಕೊನೆಗೆ ನಾನು ಶಾಲೆಯ ಟೀಚರಂತೆ, “ಪ್ರಶ್ನೆ ಇರೋರು ಕೈ ಎತ್ತಿ” ಅಂದೆ. ಮಧ್ಯದ ಸಾಲಿನಲ್ಲೊಬ್ಬರು ನೀಟಾಗಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಏನೋ ಕೇಳಬೇಕೆಂದು ಮುಂದಕ್ಕೆ ಬಾಗಿದ್ದರು. ಕೈ ಮಾತ್ರ ಪ್ಯಾಂಟಿನ ಜೇಬಿನಲ್ಲೇ. ಪ್ರೋತ್ಸಾಹ ಕೊಡೋಣವೆಂದು ಮೈಕಿನಲ್ಲೇ, “ಸಂಕೋಚ ಯಾಕೆ ಸಾರ್, ಎತ್ತಿ ಎತ್ತಿ” ಅಂದುಬಿಟ್ಟೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಬಲಗೈ ಹೊರತೆಗೆದು ಎತ್ತಿದರು. ಹೆಬ್ಬೆರಳು, ಕಿರುಬೆರಳು ಎರಡೇ ಇದ್ದವು. ಪ್ರಶ್ನೆ ಚೆನ್ನಾಗಿಯೇ ಕೇಳಿದರು. ಏನು ಕೇಳಿದರೆಂದು ನನಗೆ ನೆನಪಿಲ್ಲ.

ಆಮೇಲೆ ಕುರ್ಚಿ ಜೋಡಿಸುವಾಗ ಶ್ರೀಕಂಠಯ್ಯನವರು ಹತ್ತಿರ ಬಂದು ಮೆಲ್ಲಗೆ ಹೇಳಿದರು: “ತಪ್ಪು ನಂದಮ್ಮ. ನಾನು ಮೊದ್ಲೇ ಹೇಳ್ಬೇಕಿತ್ತು. ಇದು ಪೀಣ್ಯ. ಸುತ್ತ ಇರೋದೆಲ್ಲ ತಗಡು ಕತ್ತರಿಸೋ ಪ್ರೆಸ್ಸು, ಬೆರಳು ಕಳ್ಕೊಂಡೋರು ಬೇಕಾದಷ್ಟು ಜನ. ಇಲ್ಲಿ ಕೈ ಎತ್ತಿ ಅನ್ಬಾರ್ದು.” ಅಂದಿನಿಂದ ನಮ್ಮ ಹಾಲಿನಲ್ಲಿ ‘ಪ್ರಶ್ನೆ ಇರುವವರು ಎದ್ದು ನಿಂತುಕೊಳ್ಳಿ’ ಎಂಬ ಪದ್ಧತಿ ಬಂತು. ಮೊನ್ನೆ ನೀನು, “ಕೈ ಎತ್ತಿದ್ರೆ ಸಾಕಲ್ವಾ ಆಂಟಿ, ಪಾಪ ವಯಸ್ಸಾದವ್ರು ಯಾಕೆ ಏಳ್ಬೇಕು” ಅಂದೆಯಲ್ಲ, ಕಾರಣ ಇದು.

ಇನ್ನೊಂದು ಭಾನುವಾರ ಇತಿಹಾಸದ ಅಧ್ಯಾಪಕಿಯೊಬ್ಬರು ವೀರಗಲ್ಲುಗಳ ಚಿತ್ರ ತೋರಿಸುತ್ತಿದ್ದರು. ಈ ಭಾಗದಲ್ಲಿದ್ದ ಒಂದು ಕಲ್ಲು ಕಾರ್ಖಾನೆಗಳು ಬಂದಾಗ ಕಾಣೆಯಾಯಿತೆಂದು ಅವರು ಬೇಸರದಿಂದ ಹೇಳುತ್ತಿದ್ದಂತೆ, ಇಲ್ಲಿನ ಹಳೇ ಊರಿನವರಾದ ಮುನಿಯಪ್ಪ ಎದ್ದು ನಿಂತರು. “ಎಲ್ಲೂ ಓಗಿಲ್ಲ ಕಣಮ್ಮ. ನಮ್ಮನೆ ಇತ್ಲಲ್ಲೇ ಐತೆ. ಅದ್ರ ಮ್ಯಾಲೇ ಬಟ್ಟೆ ಒಗಿಯಾದು.” ಅಧ್ಯಾಪಕಿ ಪ್ರೊಜೆಕ್ಟರ್ ಆರಿಸಿಬಿಟ್ಟರು. “ಈಗಲೇ ಹೋಗೋಣ್ವಾ?” ಇಡೀ ಸಭೆ ನಡೆದುಕೊಂಡು ಹೋಯಿತು. ನಲವತ್ತು ಜನ ಹಿತ್ತಿಲಿಗೆ ನುಗ್ಗಿದ್ದು ಕಂಡು ಮುನಿಯಪ್ಪನವರ ಹೆಂಡತಿ ಕಲ್ಲಿನ ಮೇಲಿದ್ದ ಒದ್ದೆ ಲಂಗ ಎತ್ತಿಕೊಂಡು, “ಮೊದ್ಲೇ ಏಳಿದ್ರೆ ಉಜ್ಜಿ ಮಡಗ್ತಿದ್ನಲ್ಲ” ಎಂದು ಗಂಡನನ್ನು ಬೈದರು. ಸೋಪಿನ ನೊರೆಯಡಿ ಕತ್ತಿ ಹಿಡಿದ ವೀರ ನಿಂತೇ ಇದ್ದ.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಬೀರುವಿನ ಕೆಳಗಿನ ಅರೆಯಲ್ಲಿ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟ ಕಬ್ಬಿಣದ ತುಂಡೊಂದಿದೆ. ಗುಜರಿಗೆ ಹಾಕಬೇಡ.

ಒಂದು ಸಲ ದೂರವಾಣಿಯಲ್ಲಿ ಉಪನ್ಯಾಸದ ವಿಷಯ ಬರೆದುಕೊಂಡೆ. ‘ಫಟೀಗ್: ಅದು ಹೇಗೆ ಶುರುವಾಗುತ್ತದೆ, ಬೇಗ ಪತ್ತೆ ಮಾಡುವುದು ಹೇಗೆ’, ಡಾ. ವಿಶ್ವನಾಥ್. ಹೆಸರಿನ ಮುಂದೆ ‘ಡಾ.’ ಇತ್ತಲ್ಲ, ವೈದ್ಯರೆಂದುಕೊಂಡೆ. ಒಳ್ಳೆಯ ವಿಷಯ, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬೇಕಾದದ್ದೇ ಎಂದು ಖುಷಿಯಿಂದ ಕನ್ನಡದಲ್ಲಿ ದೊಡ್ಡದಾಗಿ ‘ದಣಿವು’ ಎಂದು ಬರೆದೆ. ಸ್ವಂತ ಬುದ್ಧಿಯಿಂದ ಕೆಳಗೆ, ‘ದುಡಿಯುವ ಮಹಿಳೆಯರಿಗೆ ವಿಶೇಷ ಆಹ್ವಾನ’ ಎಂದೂ ಸೇರಿಸಿದೆ. ಶ್ರೀಕಂಠಯ್ಯನವರು ಆ ವಾರ ತಮ್ಮೂರಿಗೆ ಹೋಗಿದ್ದರಿಂದ ಕೆಂಪು ಪೆನ್ನು ಬೀಳಲಿಲ್ಲ.

ಭಾನುವಾರ ಹತ್ತೂವರೆಗೇ ಹಾಲು ತುಂಬಿಹೋಯಿತು. ಗಾರ್ಮೆಂಟ್ಸಿನವರು, ಅಸೆಂಬ್ಲಿ ಲೈನಿನವರು, ಕಟ್ಟಡದ ಕೆಲಸದವರು. ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು, ಡಾಕ್ಟರಿಗೆ ತೋರಿಸಲು ಚೀಟಿ, ಎಕ್ಸರೇ ಹಿಡಿದುಕೊಂಡು ಬಂದಿದ್ದರು. ವಿಶ್ವನಾಥ್ ಅವರು ಬಂದು ಬಾಗಿಲಲ್ಲಿ ಅಂಟಿಸಿದ್ದ ಹಾಳೆಯನ್ನು ಕನ್ನಡಕ ಹಣೆಗೇರಿಸಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಮೇಡಂ, ನಾನು ಲೋಹಶಾಸ್ತ್ರದವನು. ಕಬ್ಬಿಣದ ಡಾಕ್ಟರು” ಅಂದರು. ಆಗಷ್ಟೇ ಊರಿಂದ ಬಂದಿದ್ದ ಶ್ರೀಕಂಠಯ್ಯನವರು ಹಣೆ ಚಚ್ಚಿಕೊಂಡರು: “ಏನಮ್ಮಾ ಇದು! ಕಬ್ಬಿಣಕ್ಕೆ ಬಂದ ದಣಿವನ್ನ ಹೆಂಗಸರಿಗೆ ಅಂಟಿಸಿಬಿಟ್ಯಲ್ಲ!”

ನಾನು ಮೈಕಿನ ಮುಂದೆ ಹೋಗಿ ತಪ್ಪು ಒಪ್ಪಿಕೊಂಡೆ. ಕ್ಷಮಿಸಿ, ಹೋಗುವವರು ಟೀ ಕುಡಿದು ಹೋಗಿ ಅಂದೆ. ಕೆಲವರು ಎದ್ದರು. ಎರಡನೇ ಸಾಲಿನಲ್ಲಿ ನೀಲಿ ಸೀರೆಯ ಗಟ್ಟಿಗಿತ್ತಿಯೊಬ್ಬಳು ಏಳದೆ, ಗಟ್ಟಿಯಾಗಿ ಹೇಳಿದಳು: “ಕುಂದರ್ರೇ ಎಲ್ಲಾರೂ. ಮನ್ಯಾಗ ಹೋಗಿ ಏನ್ ಮಾಡ್ತೀರಿ, ಅರಬಿ ಒಗೀತೀರಿ. ಕಬ್ಬಿಣಕ್ಕ ಹ್ಯಾಂಗ ದಣಿವು ಬರ್ತದ, ಕೇಳೇ ಹೋಗೂಣು.” ಅವಳೇ ಮಹಾದೇವಿ. ಯಾದಗಿರಿ ಕಡೆಯವಳು, ಪೀಣ್ಯದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಮೇಲೆ ಕೆಲಸ. ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಧಡ್ ಎಂದಿಳಿದು ತಗಡು ಕತ್ತರಿಸುವ ಯಂತ್ರ ಅದು. ತಗಡನ್ನು ಕೈಯಿಂದಲೇ ಒಳಗಿಡಬೇಕು.

ವಿಶ್ವನಾಥ್ ಸ್ಲೈಡುಗಳನ್ನು ಪಕ್ಕಕ್ಕಿಟ್ಟರು. ಯಾರದಾದರೂ ಒಂದು ಹೇರ್‌ಪಿನ್ ಕೊಡಿ ಅಂದರು. “ಒಂದ್ಸಲ ಬಗ್ಗಿಸಿದ್ರೆ ಮುರೀತಾ? ಇಲ್ಲ. ಅಷ್ಟೇ ಬಗ್ಗಿಸಿ, ಮತ್ತೆ ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿ.” ಹಾಲಿನ ತುಂಬ ಹೆಂಗಸರು ತಲೆಯಿಂದ ಪಿನ್ನು ತೆಗೆದು ಬಗ್ಗಿಸತೊಡಗಿದರು. ಟಕ್, ಟಕ್ ಎಂದು ಒಂದೊಂದೇ ಮುರಿದವು.

“ನೋಡಿ, ಮುರಿದದ್ದು ದೊಡ್ಡ ಭಾರದಿಂದಲ್ಲ. ಸಣ್ಣದೇ ಪೆಟ್ಟು, ಆದ್ರೆ ದಿನಾ.”

“ಅತ್ತಿ ಮಾತಿನಂಗ ಅನ್ರಿ” ಅಂದಳು ಮಹಾದೇವಿ.

ನಗು ಅಡಗಲು ಎಷ್ಟೋ ಹೊತ್ತು ಬೇಕಾಯಿತು. ಅವಳು ಮಾತ್ರ ನಗದೆ ಮುಂದಿನದನ್ನು ಕೇಳಿದಳು: “ಮತ್ತ ಒಂದೀಟು ರೆಸ್ಟ್ ಕೊಟ್ರ ಹೋಗ್ತದೇನ್ರೀ ಸರ?”

“ಇಲ್ಲಮ್ಮ. ನಮಗಾದ್ರೆ ನಿದ್ದೆ ಮಾಡಿದ್ರೆ ಹೋಗುತ್ತೆ. ಕಬ್ಬಿಣಕ್ಕೆ ಒಳಗೆ ಒಂದು ಕೂದಲೆಳೆ ಬಿರುಕು ಶುರುವಾಯ್ತು ಅಂದ್ರೆ ಅದು ವಾಸಿಯಾಗಲ್ಲ. ಸುಮ್ನೆ ಕಾಯುತ್ತೆ, ಮತ್ತೆ ಕೆಲಸ ಶುರುವಾದಾಗ ಬೆಳೆಯುತ್ತೆ. ಕಣ್ಣಿಗೆ ಕಾಣಲ್ಲ. ಕಾಣಿಸೋ ಹಾಗೆ ಮಾಡೋದು ತೋರಿಸ್ತೀನಿ.”

ಅವರು ಬ್ಯಾಗಿನಿಂದ ಒಂದು ಹಳೇ ಶಾಫ್ಟಿನ, ಅಂದರೆ ಯಂತ್ರದೊಳಗೆ ತಿರುಗುವ ಕಬ್ಬಿಣದ ದಂಡದ, ತುಂಡು ತೆಗೆದರು. ನಮ್ಮ ಟೀ ಸ್ಟೋವಿನಿಂದ ಒಂದಿಷ್ಟು ಸೀಮೆಎಣ್ಣೆ, ಬೋರ್ಡಿನ ಬಳಿಯಿಂದ ಒಂದು ಸೀಮೆಸುಣ್ಣ ತರಿಸಿಕೊಂಡರು. ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದರು. ಬೆಳ್ಳಗಾದ ಕಬ್ಬಿಣದ ಮೇಲೆ, ಬಿರುಕಿನೊಳಗೆ ಅವಿತಿದ್ದ ಎಣ್ಣೆ ಮೆಲ್ಲಗೆ ಹೊರಬಂದು, ಕಾಡಿಗೆ ತೀಡಿದಂಥ ಒಂದು ಗೆರೆ ಮೂಡಿತು.

ಎಲ್ಲರೂ ಹೋದಮೇಲೆ ಮಹಾದೇವಿ ನನ್ನ ಬಳಿ ಬಂದಳು. “ಅಕ್ಕೋರ, ಆ ಸುಣ್ಣದ ಕಡ್ಡಿ ಒಂದು ಕೊಡ್ರಿ.” ಅವರ ಕಡೆ ಟೀಚರನ್ನು ಅಕ್ಕೋರು ಅನ್ನುತ್ತಾರೆ.

“ಮಗುಗಾ?”

“ಅಲ್ರಿ, ನಮ್ಮ ಮೂರ್ನೇ ನಂಬರ್ ಮಶಿನ್ನಿಗಿ. ಮ್ಯಾಲಿನ ದಪ್ಪ ಶಾಫ್ಟ್ ಅದಲ್ರಿ, ಅದರ ಮೂಲ್ಯಾಗ ದಿನಾ ಮುಂಜಾನಿ ಒರಸ್ತೀನಿ, ಚಾ ಟೈಮಿಗಿ ಮತ್ತ ಕರೀ ಗೆರಿ ಬಂದಿರ್ತದ.”

ಬುಧವಾರ ಮಧ್ಯಾಹ್ನ ಮನೆಗೆ ಮಹಾದೇವಿಯ ಫೋನು ಬಂತು. ಭಿತ್ತಿಪತ್ರದ ಕೆಳಗಿನ ನಂಬರು ನೋಡಿ, ಕಾಯಿನ್ ಬೂತಿನಿಂದ ಮಾಡಿದ್ದಳು.

“ಗೆರಿ ಬಂತ್ರೀ ಅಕ್ಕೋರ. ಊಟದ ಟೈಮಿನ್ಯಾಗ ತಿಕ್ಕಿ ನೋಡ್ದೆ. ನಾಕ್ ಬೊಟ್ಟಿನಷ್ಟು ಉದ್ದ ಅದ.”

“ಸೂಪರ್‌ವೈಸರಿಗೆ ತೋರಿಸಿದ್ಯಾ?”

“ತೋರ್ಸೀನ್ರಿ. ‘ಗ್ರೀಸ್ ಕಣಮ್ಮ ಅದು. ಒಂದು ಲೆಕ್ಚರ್ ಕೇಳ್ಬಿಟ್ಟು ಇಂಜಿನಿಯರ್ ಆಗ್ಬಿಟ್ಯಾ’ ಅಂತ ನಕ್ಕ. ಮತ್ತ ಮಾತಾಡಿದ್ರ ನಾಳಿಂದ ಬರಬ್ಯಾಡ ಅಂತಾನ್ರಿ. ಏನ್ ಮಾಡ್ಲಿ? ಎದ್ರ ಕೆಲ್ಸ ಹೋಗ್ತದ, ಕುಂತ್ರ ಕೈ ಹೋಗ್ತದ.”

“ನಾಳೆ ರಜೆ ಹಾಕಿಬಿಡು ಮಹಾದೇವಿ.”

“ನಾ ರಜಾ ಹಾಕಿದ್ರ ಇನ್ನೊಬ್ಬಾಕಿ ಕುಂದರ್ತಾಳ್ರಿ ಅದ್ರ ಮುಂದ.”

ಫೋನಿಟ್ಟು, ಶ್ರೀಕಂಠಯ್ಯನವರ ಮನೆಗೆ ಓಡಿದೆ. ಅವರು ಎಲ್ಲ ಕೇಳಿ, ಅಚ್ಚನ್ನು ಎತ್ತಿಳಿಸುವ ಆ ಶಾಫ್ಟ್ ತುಂಡಾದರೆ ಪೆಡಲ್ ಒತ್ತದೆಯೂ ಅಚ್ಚು ಕೆಳಗೆ ಬೀಳಬಹುದು ಅಂದರು. “ಆದ್ರೆ ನಮ್ದು ಉಪನ್ಯಾಸ ಮಾಡೋ ಕೆಲಸ ಕಣಮ್ಮ. ನಾವು ಶೆಡ್ಡಿನೊಳಗೆ ಜಗಳಕ್ಕೆ ಹೋದ್ರೆ ನಾಳೆಯಿಂದ ಒಬ್ಬ ಮಾಲೀಕನೂ ತನ್ನ ಕೆಲಸದವರನ್ನ ಈ ಕಡೆ ಬಿಡಲ್ಲ. ಆ ಹುಡುಗೀನೂ ಆಚೆ ಹಾಕ್ತಾರೆ.” ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಮನೆಗೆ ಬಂದು ಹುರುಳಿಕಾಯಿ ಹೆಚ್ಚಲು ಕೂತೆ. ಕೈ ಓಡಲಿಲ್ಲ, ನನ್ನ ಬೆರಳುಗಳನ್ನೇ ನೋಡುತ್ತಿದ್ದೆ. ಆಗ ನೆನಪಾದದ್ದು ಸಿಸ್ಟರ್ ಮಾತು. ಇದೆ ಎಂದುಕೊಂಡೇ ಬರೆ. ಈಳಿಗೆಮಣೆ ಬದಿಗೆ ಸರಿಸಿ, ವಾಚನಾಲಯದ ಲೆಟರ್‌ಹೆಡ್ ತೆಗೆದು, ನನಗೆ ಗೊತ್ತಿದ್ದ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷಿನಲ್ಲಿ ಆ ಶೆಡ್ಡಿನ ಮಾಲೀಕರಿಗೆ ಒಂದು ಕೃತಜ್ಞತಾಪತ್ರ ಬರೆದೆ. ತಮ್ಮ ಕೆಲಸಗಾರರು ನಮ್ಮ ಉಪನ್ಯಾಸಕ್ಕೆ ಬಂದು ಬಹಳ ಗಮನವಿಟ್ಟು ಕೇಳಿದರು, ಇಂಥವರನ್ನು ಬೆಳೆಸಿದ್ದಕ್ಕೆ ತಮಗೆ ವಂದನೆ. ತಮ್ಮ ಕಾರ್ಖಾನೆಯ ಮೂರನೇ ನಂಬರಿನ ಯಂತ್ರದ ಶಾಫ್ಟಿನಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲು ಯೋಗ್ಯವಾದ ಅಪರೂಪದ ಗೆರೆಯಿದೆ ಎಂದು ತಿಳಿಯಿತು, ಪ್ರಾಧ್ಯಾಪಕರು ಬಂದು ಅದರ ಚಿತ್ರ ತೆಗೆಯಲು ದಯವಿಟ್ಟು ಅನುಮತಿ ಕೊಡಬೇಕು. ಕೊನೆಗೆ, ಗೆರೆ ಕೆಡದಂತೆ ಅಲ್ಲಿಯವರೆಗೆ ಆ ಯಂತ್ರಕ್ಕೆ ವಿಶ್ರಾಂತಿ ಕೊಟ್ಟರೆ ನಾವು ಚಿರಋಣಿಗಳು.

ವಿಶ್ವನಾಥ್ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ನಕ್ಕು, “ಇದ್ರಲ್ಲಿ ಸುಳ್ಳೇನೂ ಇಲ್ವಲ್ಲ ಮೇಡಂ, ಆ ಫೋಟೊ ನನಗೆ ಬೇಕೇ ಬೇಕು. ನಾಡಿದ್ದೇ ಬರ್ತೀನಿ” ಅಂದರು.

ಆಟೊ ಹಿಡಿದು ನಾನೇ ಹೋದೆ. ಶೆಡ್ಡಿನೊಳಗಿನ ಸದ್ದು ಎದೆಗೆ ಬಡಿಯುತ್ತಿತ್ತು. ಮಹಾದೇವಿ ತನ್ನ ಪ್ರೆಸ್ಸಿನ ಮುಂದೆ ಕೂತಿದ್ದಳು, ನನ್ನನ್ನು ಕಂಡರೂ ಗುರುತಿಲ್ಲದವಳಂತೆ ತಗಡಿಟ್ಟಳು, ಧಡ್, ಕೈ ತೆಗೆದಳು, ಇಟ್ಟಳು, ಧಡ್. ನಾನು ಪ್ರತಿಸಲವೂ ಉಸಿರು ಹಿಡಿದೆ. ಮಾಲೀಕರು ಐವತ್ತರ ಸುಮಾರಿನವರು. ಪತ್ರವನ್ನು ಎರಡು ಸಲ ಓದಿದರು. ಅದನ್ನು ಹಿಡಿದಿದ್ದ ಎಡಗೈಯ ತೋರುಬೆರಳು ಅರ್ಧವೇ ಇತ್ತು.

“ನಮ್ ಮಿಷಿನ್ ಫೋಟೊ ಕಾಲೇಜಲ್ಲಿ ತೋರಿಸ್ತಾರಾ ಮೇಡಂ?”

“ಹೌದು ಸಾರ್. ಯಾರ ಕಾರ್ಖಾನೆಯದು ಅಂತ ಕೆಳಗೆ ನಿಮ್ಮ ಹೆಸರೂ ಹಾಕ್ತಾರೆ.”

ಅವರು ಪತ್ರದ ಕೊನೆಯ ಸಾಲಿಗೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಬಹುಶಃ ಅವರಿಗೆ ಎಲ್ಲವೂ ಅರ್ಥವಾಗಿತ್ತು. ತಲೆಯೆತ್ತಿ ನನ್ನನ್ನೊಮ್ಮೆ, ಪ್ರೆಸ್ಸನ್ನೊಮ್ಮೆ ನೋಡಿ, ಸೂಪರ್‌ವೈಸರನ್ನು ಕೂಗಿದರು. “ಮೂರನೇ ನಂಬರ್ ಆಫ್ ಮಾಡಪ್ಪಾ. ಆಯಮ್ಮಂಗೆ ಪ್ಯಾಕಿಂಗ್ ಕೊಡು.”

ಆ ಒಂದು ಸದ್ದು ನಿಂತದ್ದು ಉಳಿದ ಸದ್ದುಗಳ ನಡುವೆಯೂ ನನಗೆ ಕೇಳಿಸಿತು.

ಶುಕ್ರವಾರ ವಿಶ್ವನಾಥ್ ಬಂದರು. ಜೊತೆಗೆ, ಬರುವುದಿಲ್ಲ ಎಂದಿದ್ದ ಶ್ರೀಕಂಠಯ್ಯನವರು ತಮ್ಮ ಹಳೇ ನೀಲಿ ಕೋಟು ಹಾಕಿಕೊಂಡು ಬಂದರು. ಶಾಫ್ಟ್ ಬಿಚ್ಚಿಸಿ, ಬಿರುಕಿದ್ದಲ್ಲಿ ಮುರಿದು ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಆಗಲೇ ಸೀಳಿಹೋಗಿತ್ತು. ಕೆರೆಯ ನೀರು ಇಳಿಯುತ್ತ ದಡದಲ್ಲಿ ಬಿಟ್ಟ ಗುರುತಿನಂತೆ ಗೆರೆಯ ಪಕ್ಕ ಗೆರೆ. ಹಿಡಿದುಕೊಂಡಿದ್ದದ್ದು ಇಷ್ಟೇ ಇಷ್ಟು. ಸೂಪರ್‌ವೈಸರ್ ಮಹಾದೇವಿಗೆ, “ಸಾರಿ ಕಣಮ್ಮ” ಅಂದ. ಅವಳು, “ಗ್ರೀಸ್ ಅಲ್ಲೇನ್ರೀ ಅಣ್ಣಾರ?” ಅಂದಳು. ಬೀರುವಿನಲ್ಲಿರುವುದು ಆ ತುಂಡು. ಮಾಲೀಕರೇ ಟವೆಲ್ಲಿನಲ್ಲಿ ಸುತ್ತಿ ಕಳಿಸಿದರು.

ಆಮೇಲಿನ ವರ್ಷಗಳಲ್ಲಿ ಮಹಾದೇವಿ ತಪ್ಪದೆ ಬರುತ್ತಿದ್ದಳು. ನಕ್ಷತ್ರಕ್ಕೂ ಬಂದಳು, ಶಾಸನಕ್ಕೂ ಬಂದಳು. ಪದ್ಧತಿಯಂತೆ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದಳು. ಮಗಳ ಮನೆಗೆಂದು ಕಾಡುಗೋಡಿಗೆ ಹೋದಮೇಲೆ ಕಾಣುವುದು ಕಡಿಮೆಯಾಯಿತು.

ಹೋದ ಭಾನುವಾರ, ನನ್ನ ಕೊನೆಯ ಸಭೆಗೆ, ಬಸ್ಸು ಬದಲಿಸಿಕೊಂಡು ಅಷ್ಟು ದೂರದಿಂದ ಬಂದಿದ್ದಳು. ಹಕ್ಕಿಗಳ ವಲಸೆಯ ಮಾತು ಮುಗಿದು, ನಾನು ರೂಢಿಯಂತೆ, ‘ಪ್ರಶ್ನೆ ಇರುವವರು ಎದ್ದು ನಿಂತುಕೊಳ್ಳಿ’ ಅಂದೆ. ಹಿಂದಿನ ಸಾಲಿನಲ್ಲಿ, ಕೂದಲು ನೆರೆತ ಮಹಾದೇವಿ ಏಳದೆ, ಕೂತಲ್ಲಿಂದಲೇ ಎರಡೂ ಕೈ ಮೇಲಕ್ಕೆತ್ತಿದಳು. ಹತ್ತೂ ಬೆರಳುಗಳನ್ನು ಅಗಲಿಸಿ.

ನೀನು ಮೈಕ್ ಹಿಡಿದು ಓಡಿದೆ. ಅವಳು ಮೈಕ್ ತೆಗೆದುಕೊಳ್ಳಲಿಲ್ಲ. “ಪ್ರಶ್ನಿ ಏನಿಲ್ಲವ್ವಾ, ಅಕ್ಕೋರಿಗಿ ಕಾಣ್ಲಿ ಅಂತ” ಅಂದಳು. ನೀನು ವಾಪಸು ಬಂದು ನನ್ನ ಕಿವಿಯಲ್ಲಿ, “ಆಂಟಿ, ಅವ್ರು ಸುಮ್ನೆ ಕೈ ಎತ್ತಿದ್ರು. ನೀವು ಥ್ಯಾಂಕ್ಸ್ ಹೇಳಿ” ಅಂದೆ.

ಆ ದಿನ ವಂದನಾರ್ಪಣೆಯನ್ನು ನಿನ್ನ ಕೈಯಲ್ಲಿ ಹೇಳಿಸಿದ್ದು ಅದಕ್ಕೇ ಕಣಮ್ಮ. ನನ್ನಿಂದ ಆಗಲಿಲ್ಲ.